ಮಾಸಲಕ್ಕನ ಕಣ್ಣಳತೆ

ಹೊಸ ಗೋಡೆಗೆ ಒಂದೇ ದಿನದಲ್ಲಿ ನಲವತ್ತು ವರ್ಷ ವಯಸ್ಸಾಗಿಸುತ್ತಾಳೆಂದು ಚಿತ್ರೀಕರಣದ ಸೆಟ್ಟಿನವರು ಆ ಕಲಾ ನಿರ್ದೇಶಕಿಗೆ ಇಟ್ಟ ಹೆಸರು ಮಾಸಲಕ್ಕ. ನಾಟಕದ ಪರದೆ ಬರೆಯುತ್ತ ಶುರುಮಾಡಿ, ಸಿನಿಮಾ ಸೇರಿ, ಈಗ ಧಾರಾವಾಹಿಗಳಿಗೆ ಮನೆ ಕಟ್ಟಿಸುತ್ತಿದ್ದಳು. ಪ್ಲೈವುಡ್ ಗೋಡೆಗೆ ಚಹಾದ ನೀರು ಬಳಿದು, ಸ್ವಿಚ್ಚಿನ ಸುತ್ತ ಬೆರಳಿನ ಕೊಳೆ, ಮಂಚದ ಹಿಂದೆ ತಲೆಯೆಣ್ಣೆಯ ಜಿಡ್ಡು ಹಚ್ಚಿದಳೆಂದರೆ ಅಲ್ಲಿ ಮೂರು ತಲೆಮಾರು ಬಾಳಿ ಹೋದಂತೆಯೇ. ಚಿತ್ರೀಕರಣ ಮುಗಿದ ಮರುದಿನ ಎಲ್ಲ ನೆಲಸಮ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದಕ್ಕೆಲ್ಲ ಅವಳು ಅತ್ತವಳಲ್ಲ.

ಜಂಬವಿದ್ದದ್ದು ತನ್ನ ಕಣ್ಣಿನ ಬಗ್ಗೆ ಮಾತ್ರ. ಬೇರೆಯವರು ಅಂಗಡಿಯ ಶೇಡ್ ಕಾರ್ಡ್ ಹಿಡಿದು ನಂಬರು ಹೇಳಿದರೆ, ಇವಳು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೋಲಾಡಿಸಿ "ಸಾಕು" ಎಂದರೆ ಸಾಕು. ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದ ಪೇಂಟರ್ ಅದರ ಮೇಲೆ ಒಂದು ಹನಿ ಹಾಕಿದವನಲ್ಲ. ಹಾಗೆಂದು ಅವಳು ನಂಬಿದ್ದಳು.

ಆಸ್ಪತ್ರೆಯ ವಾರ್ಡಿನ ಸೆಟ್ಟಿಗೆ ತಿಳಿಹಸಿರು ಕಲಸಿಕೊಟ್ಟು ಊಟಕ್ಕೆ ಹೊರಟವಳು, ಮರೆತ ಫೋನಿಗೆಂದು ತಿರುಗಿ ಬಂದಳು. ಪೇಂಟರ್ ಅವಳ ಬಕೆಟ್ಟಿಗೆ ಇನ್ನೊಂದು ಡಬ್ಬಿಯಿಂದ ಹಳದಿ ಸುರಿಯುತ್ತಿದ್ದ.

ಅವಳ ಸಿಟ್ಟು ನೆತ್ತಿಗೇರಿತು. "ನನ್ನ ಬಣ್ಣಕ್ಕೆ ಕೈ ಹಾಕ್ತೀಯಾ? ಯಾರು ಹೇಳಿದ್ರು ನಿಂಗೆ?"

ಅವನು ಡಬ್ಬಿ ಕೆಳಗಿಟ್ಟ. "ನೀಲಿ ಆಗ್ಬಿಟ್ಟಿತ್ತು ಅಕ್ಕ. ಪೂರ್ತಿ ನೀಲಿ."

"ಎಷ್ಟು ದಿನದಿಂದ ಹಾಕ್ತಿದ್ದೀಯ ಹೀಗೆ?"

"ಬಿಡಿ ಅಕ್ಕ."

"ಎಷ್ಟು ದಿನದಿಂದ ಅಂದೆ."

"ಎರಡು ವರ್ಷ ಆಗಿರ್ಬೇಕು."

ಹೋದ ವರ್ಷ ಹಳೆಯ ಶಾಲೆಯ ಸೆಟ್ಟಿಗೆ ಅವಳಿಗೆ ಪ್ರಶಸ್ತಿ ಬಂದಿತ್ತು. ಬಣ್ಣ ಪುಸ್ತಕದಿಂದ ಬರುವುದಿಲ್ಲ, ಕಣ್ಣಿನಿಂದ ಬರುತ್ತದೆ ಎಂದು ವೇದಿಕೆಯ ಮೇಲೆ ಭಾಷಣ ಬಿಗಿದಿದ್ದಳು. ಇವನು ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದ್ದ. ಅದು ನೆನಪಾಗಿ, ನಾಚಿಕೆಯಿಂದ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಕಣ್ಣಿನ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಸುತ್ತಿ ಬಳಸಲಿಲ್ಲ. "ಕಣ್ಣಿನ ನರ ಸೊರಗಿದೆಯಮ್ಮ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ."

ಮರುದಿನ ಬಂದಾಗ ವಾರ್ಡಿನ ಗೋಡೆ ಒಣಗಿತ್ತು. ಕ್ಯಾಮೆರಾದವನು ಬಣ್ಣವನ್ನು ಬಾಯ್ತುಂಬ ಹೊಗಳಿದ. ಅವಳಿಗೆ ಕಂಡದ್ದು ಬರೀ ಬೂದು ಬಣ್ಣ. ಪೇಂಟರನ್ನು ಪಕ್ಕಕ್ಕೆ ಕರೆದಳು. ಜೀವಮಾನದಲ್ಲಿ ಯಾರನ್ನೂ ಕೇಳದ ಮಾತು ಕೇಳಿದಳು.

"ನಿಜ ಹೇಳು. ಈ ಗೋಡೆ ಯಾವ ಬಣ್ಣ ಇದೆ?"

ಅವನು ಗೋಡೆ ನೋಡಲಿಲ್ಲ. ಅವಳ ಮುಖವನ್ನೇ ನೋಡಿದ.

"ನೀವು ಹೇಳಿದ ಬಣ್ಣಾನೇ ಅಕ್ಕ."

ಎರಡು ವರ್ಷ ಕನಿಕರದಿಂದ ಸುಳ್ಳಾಡಿದ ಬಾಯಿ ಅದು. ಇನ್ನು ಅದನ್ನು ನಂಬದೆ ಅವಳಿಗೆ ಬೇರೆ ಗತಿಯಿರಲಿಲ್ಲ.