ಐದು ಬಣ್ಣದ ಎಡಗೈ

ನನ್ನ ಸೋದರತ್ತೆಯ ಎಡಗೈಯ ಐದು ಉಗುರುಗಳಿಗೆ ಯಾವಾಗಲೂ ಐದು ಬೇರೆ ಬೇರೆ ಬಣ್ಣ. ಹೆಬ್ಬೆರಳಿಗೆ ಗಾಢ ಕೆಂಪು, ತೋರುಬೆರಳಿಗೆ ಗುಲಾಬಿ, ನಡುಬೆರಳಿಗೆ ಬದನೆಕಾಯಿ ಬಣ್ಣ, ಉಂಗುರದ ಬೆರಳಿಗೆ ಮಿರುಗುವ ಬೆಳ್ಳಿ, ಕಿರುಬೆರಳಿಗೆ ಆ ವಾರ ಹೊಸದಾಗಿ ಬಂದದ್ದು ಯಾವುದೋ ಅದು. ಬಲಗೈ ಮಾತ್ರ ಬೋಳು. ಹೊಸಬರು ಯಾರಾದರೂ ನೋಡಿ ನಕ್ಕರೆ ಅವಳಿಗೆ ಬೇಸರವಿಲ್ಲ. "ಬಲಗೈ ರೊಟ್ಟಿಗೆ, ಎಡಗೈ ಅಂಗಡಿಗೆ" ಎಂದು ಹೇಳಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಅವಳು ನನ್ನ ಅಪ್ಪನ ಅಕ್ಕ. ಇಳಕಲ್ಲಿನಲ್ಲಿ ನಮ್ಮ ಓಣಿಯಲ್ಲೇ, ನಮ್ಮ ಮನೆಯಿಂದ ನಾಲ್ಕನೆಯ ಮನೆ ಅವಳದು. ಮಾವ ಮಗ್ಗದ ಮನುಷ್ಯ; ಬೆಳಗಾದರೆ ಮಗ್ಗದ ಕುಣಿಗೆ ಇಳಿದವರು ಊಟಕ್ಕಷ್ಟೇ ಮೇಲೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ಮನೆಯ ಪಡಸಾಲೆಯ ಗೋಡೆಗೆ ಎರಡು ಗಾಜಿನ ಕಪಾಟು ನಿಲ್ಲಿಸಿ ಅತ್ತೆ ಹೆಣ್ಣುಮಕ್ಕಳ ಸಾಮಾನಿನ ಅಂಗಡಿ ಇಟ್ಟಿದ್ದಳು. ರಿಬ್ಬನ್ನು, ಪಿನ್ನು, ಕುಂಕುಮ, ಸ್ನೋ, ಪೌಡರು, ಉಗುರಿಗೆ ಹಚ್ಚುವ ಪಾಲೀಶು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಪೇಟೆಯ ಅಂಗಡಿಗಳಲ್ಲಿ ಗಂಡಸರು ಕೂತಿರುತ್ತಿದ್ದರು; ಅವರ ಮುಂದೆ ನಿಂತು ಪಾಲೀಶು ತೋರಿಸಿ ಎನ್ನಲು ನಮ್ಮ ಹೆಂಗಸರಿಗೆ ನಾಲಿಗೆ ಏಳುತ್ತಿರಲಿಲ್ಲ. ಅತ್ತೆಯ ಪಡಸಾಲೆಯಲ್ಲಿ ಆ ತೊಂದರೆ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದರೆ ಒಂದು ಚಾಪೆ, ಒಂದು ಕನ್ನಡಿ, ತಂಬಿಗೆಯಲ್ಲಿ ನೀರು, ಒರೆಸಿಕೊಳ್ಳಲು ಹಳೆಯ ಸೀರೆಯ ತುಂಡು ಇರುತ್ತಿದ್ದವು.

ಅಲ್ಲಿ ಒಂದೇ ಕಾಯಿದೆ. ಹಚ್ಚಿ ನೋಡದೆ ಯಾರೂ ಏನನ್ನೂ ಒಯ್ಯುವಂತಿಲ್ಲ, ಅತ್ತೆ ತಾನು ಹಚ್ಚಿ ನೋಡದೆ ಯಾರಿಗೂ ಏನನ್ನೂ ತೋರಿಸುವಂತಿಲ್ಲ.

ಪಾಲೀಶಿಗೆ ಅವಳ ಪರೀಕ್ಷೆ ನಮ್ಮ ಊರಿಗೇ ತಕ್ಕದ್ದು. ನಮ್ಮಲ್ಲಿ ಮನೆಮನೆಯ ಹೆಂಗಸರು ದಿನಾ ರೇಷ್ಮೆ ಮುಟ್ಟುವವರು. ಒಬ್ಬಳು ಕಂಡಿಕೆಗೆ ನೂಲು ಸುತ್ತುತ್ತಾಳೆ, ಇನ್ನೊಬ್ಬಳು ಸೀರೆಯ ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಜೋಡಿಸುತ್ತಾಳೆ. ಉಗುರಿನ ಅಂಚು ಒಂಚೂರು ಒರಟಾದರೆ ಎಳೆ ಸಿಕ್ಕಿ ಹರಿಯುತ್ತದೆ. ಅದಕ್ಕಾಗಿ ಅತ್ತೆ ಕಪಾಟಿನ ಕೆಳಗೆ ಮಾವನ ಮಗ್ಗದಿಂದ ಉಳಿದ ಕೆಂಪು ರೇಷ್ಮೆಯ ಒಂದು ಗಂಟು ಇಟ್ಟಿದ್ದಳು. ಹೊಸ ಪಾಲೀಶು ಹಚ್ಚಿ, ಆರಿದ ಮೇಲೆ ಒಂದು ಎಳೆ ತೆಗೆದು ಉಗುರಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದಳು. "ಎಳಿ ಹಿಡೀತಂದ್ರ ಬಾಟ್ಲಿ ವಾಪಸ್." ಅದರಲ್ಲಿ ಪಾಸಾದ ಬಾಟಲಿಗೆ ಎರಡನೆಯ ಪರೀಕ್ಷೆ ಸಗಣಿಯದು. ಅದೇ ಎಡಗೈಯಿಂದ ಅಂಗಳ ಸಾರಿಸಿ, ತೊಳೆದುಕೊಂಡು, ಉಗುರನ್ನು ಬೆಳಕಿಗೆ ಹಿಡಿದು ನೋಡುವಳು. ಸಗಣಿ ಸಾರಿಸಿದ ಮೇಲೂ ನಿಂತ ಬಣ್ಣವೇ ಬಣ್ಣ. ಆ ಪಾಲೀಶು ಮಾಡುವ ಕಾರಖಾನೆಯವರಿಗೆ ಈ ಪರೀಕ್ಷೆಯ ಸುದ್ದಿ ಗೊತ್ತಿದ್ದರೆ ಏನೆನ್ನುತ್ತಿದ್ದರೋ.

ಸಾಲೆ ಬಿಟ್ಟ ಮೇಲೆ ನಾನು ಅಲ್ಲಿಯೇ ಬಿದ್ದಿರುತ್ತಿದ್ದೆ. ಅತ್ತೆ ನನ್ನ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಒಂದೊಂದೇ ಉಗುರಿಗೆ ಹಚ್ಚುತ್ತಿದ್ದಳು. ನನಗೆ ತಾಳ್ಮೆ ಇಲ್ಲ, ಬಾಯಿಂದ ಊದುತ್ತಿದ್ದೆ. "ಊದಬ್ಯಾಡ, ಗುಳ್ಳಿ ಬರ್ತಾವ. ಸುಮ್ಮ ಕುಂದ್ರು, ತಾನ ಆರತೈತಿ" ಎನ್ನುವಳು. ಸುಮ್ಮನೆ ಕೂರುವುದನ್ನು ನಾನು ಯಾವ ಗುರುವಿನಿಂದಲೂ ಕಲಿಯಲಿಲ್ಲ, ಅವಳ ಮೊಣಕಾಲ ಮೇಲೆ ಕೈಯಿಟ್ಟು ಕಲಿತೆ.

ಕ್ರೀಮು, ಸ್ನೋಗಳ ಲೆಕ್ಕ ಬೇರೆ. ಅವನ್ನು ಎಡಮುಂಗೈಯ ಒಳಬದಿಗೆ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಬಾಲ್‌ಪೆನ್ನಿನಿಂದ ಒಂದು ದುಂಡು ಬರೆದುಕೊಂಡು ಅದರೊಳಗೆ ಹಚ್ಚುತ್ತಿದ್ದಳು. ದಿನಕ್ಕೆ ಎರಡು ಸಲ, ಇಪ್ಪತ್ತೊಂದು ದಿನ. ಇಪ್ಪತ್ತೊಂದೇ ಯಾಕೆಂದು ಕೇಳಿದರೆ ಹಿಂದಿನ ಮನೆಯ ಕೋಳಿಯ ಕಡೆ ಕೈ ತೋರಿಸುವಳು. "ಒಂದ ತತ್ತಿ ಒಡದು ಮರಿ ಬರಾಕ ಇಪ್ಪತ್ತೊಂದ ದಿನಾ ಬೇಕು. ಈ ಡಬ್ಬ್ಯಾಗ ಏನೈತಿ ಅಂತ ಹೊರಗ ಬರಾಕ ಅಷ್ಟರ ಬ್ಯಾಡೇನು?"

ಈಗ ನನ್ನ ಬಣ್ಣದ ವಿಷಯ ಹೇಳಬೇಕು. ಅವ್ವ ಬೆಳ್ಳಗಿದ್ದಳು, ನಾನು ಅಪ್ಪನ ಕಡೆಯ ಕಪ್ಪು. ಅತ್ತೆಯದೂ ಅದೇ ಕಪ್ಪು. ಇಬ್ಬರೂ ಕೈ ಜೋಡಿಸಿ ಇಟ್ಟರೆ ಯಾರ ಕೈ ಯಾವುದೆಂದು ಉಗುರು ನೋಡಿ ಹೇಳಬೇಕು. ಅವ್ವನಿಗೆ ಇದು ದೊಡ್ಡ ಚಿಂತೆ. ಹಾಲಿನ ಕೆನೆ, ಕಡಲೆಹಿಟ್ಟು, ಲಿಂಬೆ ಎಲ್ಲ ಆಗಿತ್ತು. ನಾನು ಪಿ.ಯು.ಸಿ. ಮುಗಿಸಿದ ವರ್ಷ ಬಾದಾಮಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಸಾಲೆಯ ಮಾಸ್ತರ. ನಾನು ಅವನನ್ನು ದೂರದ ನೆಂಟರ ಮದುವೆಯೊಂದರಲ್ಲಿ ನೋಡಿದ್ದೆ, ಮನಸ್ಸಿಗೂ ಬಂದಿದ್ದ. ಒಂದು ತಿಂಗಳು ಬಿಟ್ಟು ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು.

ಅದೇ ವಾರ, ಅತ್ತೆಗೆ ಸಾಮಾನು ತಂದುಕೊಡುವ ಏಜೆಂಟ ತನ್ನ ಚೀಲದಿಂದ ಎರಡು ಗಾಜಿನ ಡಬ್ಬಿ ತೆಗೆದ. ಹಸಿರು ಮುಚ್ಚಳ, ಮೇಲೆ ಯಾವ ಹೆಸರೂ ಇಲ್ಲ. ಹದಿನೈದು ದಿನದಲ್ಲಿ ಬಣ್ಣ ತಿರುಗುತ್ತದೆ ಎಂದು ಹೇಳಿ ಹೋದ. ಅವ್ವ ಅಲ್ಲಿಯೇ ಇದ್ದಳು. ಒಂದು ಡಬ್ಬಿಯನ್ನು ಆಗಲೇ ಸೆರಗಿನಲ್ಲಿ ಹಿಡಿದಿದ್ದಳು. ಅತ್ತೆ ಅದನ್ನು ಬಿಡಿಸಿಕೊಂಡಳು.

"ಇಪ್ಪತ್ತೊಂದ ದಿನಾ ಕೊಡು ನನಗ."

"ಅಕ್ಕಾರ, ಮೂವತ್ತ ದಿನದಾಗ ಇಪ್ಪತ್ತೊಂದ ನೀವ ತಗೊಂಡ್ರ ಹುಡುಗಿಗೆ ಉಳಿಯೂದ ಒಂಬತ್ತ. ಏನ ಮಾಡ್ಲಿ ಅದರಾಗ?"

"ಒಂಬತ್ತರಾಗ ಎಷ್ಟಾಗ್ತೈತೋ ಅಷ್ಟ. ಅಕಿ ಬಣ್ಣ, ನನ್ನ ಬಣ್ಣ ಒಂದ. ನನಗ ಆದದ್ದ ಅಕಿಗೂ ಆಗ್ತೈತಿ. ಮದ್ಲ ನನಗ ಆಗ್ಲಿ."

ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹತ್ತು ದಿನಕ್ಕೆ ಅವಳ ಕೈಯ ಆ ದುಂಡು ಖರೆ ಖರೆ ಬೆಳ್ಳಗಾಯಿತು. ಗೋಧಿ ಬಣ್ಣ, ನುಣುಪು. ಅವ್ವ ಬಂದು ನೋಡಿ, "ನೋಡ್ರಿ, ಕೆಲಸ ಮಾಡೈತಿ" ಎಂದಳು. ಅತ್ತೆ, "ಇನ್ನೂ ಹನ್ನೊಂದ ಅದಾವ" ಎಂದಳು. ಇಬ್ಬರ ಧ್ವನಿಯೂ ಚಲೋ ಇರಲಿಲ್ಲ.

ನನಗೂ ತಡೆಯಲಾಗಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವ್ವನಿಗಿಂತ ಹೆಚ್ಚಾಗಿ ಆ ಡಬ್ಬಿ ನನಗೆ ಬೇಕಾಗಿತ್ತು. ಮರುದಿನ ಅತ್ತೆ ಸ್ನಾನಕ್ಕೆ ಹೋದಾಗ ಕೀಲಿ ಗೂಡಿನಲ್ಲಿತ್ತು. ಕಪಾಟು ತೆರೆದು, ತೋರುಬೆರಳಿನ ತುಂಬ ಕ್ರೀಮು ತೆಗೆದುಕೊಂಡು ಕನ್ನಡಿಯ ಮುಂದೆ ಕೂತೆ. ಬೆರಳು ಗಲ್ಲದ ಹತ್ತಿರ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಒದ್ದೆ ಕೈ ನನ್ನ ಮಣಿಕಟ್ಟು ಹಿಡಿಯಿತು. ಅತ್ತೆ ಬೈಯಲಿಲ್ಲ. ನನ್ನ ಬೆರಳನ್ನು ಎಳೆದು ತನ್ನ ಮುಂಗೈಯ ಆ ದುಂಡಿನ ಮೇಲೆ ಒರೆಸಿದಳು, ಒಂಚೂರೂ ಉಳಿಯದ ಹಾಗೆ.

"ಹಚ್ಚೂದಿದ್ರ ಇಲ್ಲಿ ಹಚ್ಚು," ಎಂದಳು.

ನಾನು ಸಿಟ್ಟಿನಿಂದ ಎದ್ದು ಮನೆಗೆ ಹೋದೆ. ಮಕ್ಕಳಿಲ್ಲದವಳಿಗೆ ಇನ್ನೊಬ್ಬರ ಮಕ್ಕಳ ಚಿಂತೆ ಹೇಗೆ ತಿಳಿಯಬೇಕು ಎಂದು ಅವ್ವ ಅಂದಾಗ ಸುಮ್ಮನೆ ಕೇಳಿಕೊಂಡು ಕೂತೆ. ಆ ಸುಮ್ಮನಿರುವಿಕೆ ನನಗೆ ಈಗಲೂ ಚುಚ್ಚುತ್ತದೆ.

ಹದಿನಾಲ್ಕನೆಯ ದಿನ ಆ ಜಾಗ ತುರಿಸತೊಡಗಿತು. ಹದಿನಾರಕ್ಕೆ ಗುಳ್ಳೆ ಎದ್ದವು. ಗುಳ್ಳೆ ಒಡೆದು, ಚರ್ಮ ಸುಲಿದು, ಕೆಳಗಿನಿಂದ ಬಂದದ್ದು ಗೋಧಿ ಬಣ್ಣವಲ್ಲ, ಸುಣ್ಣದಂಥ ಬಿಳುಪು. ರೂಪಾಯಿ ನಾಣ್ಯದಷ್ಟು ಅಗಲ. ದವಾಖಾನೆಯ ಡಾಕ್ಟರು ನೋಡಿ, ಹೋದ ಬಣ್ಣ ತಿರುಗಿ ಬರುವುದು ಕಷ್ಟ ಎಂದರು. ಅತ್ತೆ ಎರಡೂ ಡಬ್ಬಿಗಳನ್ನು ಹಿತ್ತಲಲ್ಲಿ ಮೊಳದಾಳದ ಕುಣಿ ತೋಡಿ ಹುಗಿದಳು. ಅವ್ವ ಆ ಕಲೆಯನ್ನು ನೋಡಿದಳು. ಅವಳಿಗೆ ಆಗ ಹೊಸ ಹೆದರಿಕೆ ಹುಟ್ಟಿತ್ತು. ನಮ್ಮ ಕಡೆ ಮೈಮೇಲೆ ಬಿಳಿ ಕಲೆ ಕಂಡರೆ ಜನ ಮೊದಲು ಅನ್ನುವ ಮಾತು ತೊನ್ನು. ತೊನ್ನು ಒಬ್ಬರಿಗಿದ್ದರೆ ಇಡೀ ಮನೆತನಕ್ಕೆ ಇದೆ ಎನ್ನುತ್ತಾರೆ.

ಹೆಣ್ಣು ನೋಡಲು ಬರುವ ದಿನ ಅವ್ವ ಬೆಳಗ್ಗೆಯೇ ಅತ್ತೆಯ ಮನೆಗೆ ಹೋಗಿ, "ಅಕ್ಕಾರ, ಇವತ್ತೊಂದ ದಿನಾ ಸೆರಗ ಹೊದ್ಕೊಂಡ ಕುಂದರ್ರಿ" ಎಂದಳು. ಅತ್ತೆ ಒಪ್ಪಿಕೊಂಡಳು. ಎಡಗೈಯ ಪಾಲೀಶನ್ನೂ ತೆಗೆದು ಬಂದಿದ್ದಳು. ಆ ಕೈಯನ್ನು ಹಾಗೆ ಬೋಳಾಗಿ ನೋಡಿದ್ದು ನಾನು ಅದೊಂದೇ ಸಲ.

ಬಾದಾಮಿಯಿಂದ ಹುಡುಗ, ಅವನ ತಂದೆ, ಅಜ್ಜಿ, ಮತ್ತೆ ಹನ್ನೆರಡು ವರ್ಷದ ತಂಗಿ ಬಂದರು. ಎಲ್ಲ ಚಲೋ ನಡೆಯಿತು. ಅಜ್ಜಿ ನನ್ನ ಅಡಿಗೆಯ ಬಗ್ಗೆ ಕೇಳಿದಳು, ಓದಿನ ಬಗ್ಗೆ ಕೇಳಿದಳು, ಬಣ್ಣದ ಮಾತು ಎತ್ತಲೇ ಇಲ್ಲ. ಅತ್ತೆ ಅವಲಕ್ಕಿ ಚೂಡಾದ ತಾಟು ಹಿಡಿದು ಬಗ್ಗಿದಾಗ ಸೆರಗು ಜಾರಿತು. ಅಜ್ಜಿಯ ಕಣ್ಣು ಅಲ್ಲಿಗೇ ಹೋಯಿತು.

"ಇದೇನವಾ ಕೈಗೆ?"

ಅವ್ವ ತಟ್ಟನೆ, "ಹಂಚ ಸುಟ್ಟೈತ್ರಿ" ಎಂದಳು. ಅಜ್ಜಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಹೂಂ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳು ತಾಟನ್ನು ಕೆಳಗಿಟ್ಟಳು.

"ಸುಟ್ಟಿದ್ದಲ್ರಿ. ಬೆಳ್ಳಗ ಮಾಡೂ ಕ್ರೀಮ್ ಅಂತ ಒಂದ ಬಂದಿತ್ತು, ಹಸರ ಮುಚ್ಚಳದ್ದು. ಹಚ್ಚಿ ನೋಡಿದೆ, ಹಿಂಗಾತು. ನಿಮ್ಮ ಊರಾಗ ಬಂದ್ರ ಯಾರಿಗೂ ಹಚ್ಚಾಕ ಕೊಡಬ್ಯಾಡ್ರಿ."

ಅಜ್ಜಿ ಆಮೇಲೆ ಚೂಡಾ ಮುಟ್ಟಲಿಲ್ಲ. ಎಂಟು ದಿನಕ್ಕೆ ಮಧ್ಯಸ್ಥರ ಮೂಲಕ ಸುದ್ದಿ ಬಂತು: ಮನೆತನದಲ್ಲಿ ತೊನ್ನು ಇದೆ, ಬೇಡ.

ನಾನು ಅಳುತ್ತಾ ಅತ್ತೆಯ ಪಡಸಾಲೆಗೆ ಹೋಗಿ, ಸುಟ್ಟಿದ್ದು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಅವಳು ನನ್ನನ್ನು ಚಾಪೆಯ ಮೇಲೆ ಕೂರಿಸಿದಳು. ಆಮೇಲೆ, "ಹೂಂ ಅನ್ನಾಕ ಬಾಯಿ ತಗದಿದ್ದೆ ಯವ್ವಾ," ಎಂದಳು. "ಆ ಮುದುಕಿ ಬಾಜೂಕ ಒಂದ ಹುಡುಗಿ ಕುಂತಿತ್ತು ನೋಡು. ನಿನ್ನಂಗ ಕಪ್ಪ. ನನ್ನ ಕೈನ ನೋಡಾಕತ್ತಿತ್ತು. ಇನ್ನ ನಾಕ ವರ್ಷಕ್ಕ ಅದನ್ನೂ ನೋಡಾಕ ಬರ್ತಾರ." ನನಗೆ ಆಗ ಆ ಹುಡುಗಿಯ ಮೇಲೆ ಯಾವ ಮರುಕವೂ ಹುಟ್ಟಲಿಲ್ಲ. ಎದ್ದು ಬಂದೆ.

ಅವ್ವ ಅತ್ತೆಯ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ಸುದ್ದಿ ಓಣಿಯಲ್ಲೂ ಹಬ್ಬಿತು. ಚಾಪೆಯ ಮೇಲೆ ಕೂತು ಕೈ ಚಾಚುತ್ತಿದ್ದ ಹೆಂಗಸರು ಹೊಸ್ತಿಲಲ್ಲೇ ನಿಂತು ರಿಬ್ಬನ್ನು ಕೇಳತೊಡಗಿದರು, ಪಾಲೀಶು ಹಚ್ಚಿಸಿಕೊಳ್ಳಲು ಒಲ್ಲೆವೆಂದರು. ತಂಬಿಗೆಯ ನೀರು ಹಾಗೇ ಉಳಿಯುತ್ತಿತ್ತು. ಅತ್ತೆ ಮಾತ್ರ ಬಾದಾಮಿಯವರು ಬಂದು ಹೋದ ಮರುದಿನದಿಂದಲೇ ಐದು ಬಣ್ಣ ಹಚ್ಚಿಕೊಂಡು, ತೋಳು ಬಿಟ್ಟುಕೊಂಡೇ ಕೂತಳು. ಯಾರಾದರೂ ಬೆಳ್ಳಗಾಗುವ ಕ್ರೀಮು ಇದೆಯೇ ಎಂದರೆ ಮಾತಾಡದೆ ಮುಂಗೈ ತಿರುಗಿಸಿ ತೋರಿಸುತ್ತಿದ್ದಳು. ಇದನ್ನು ನಾನು ನಮ್ಮ ಕಟ್ಟೆಯಿಂದಲೇ ನೋಡುತ್ತಿದ್ದೆ.

ವರ್ಷ ತುಂಬುತ್ತಾ ಬಂದಾಗ ಹುನಗುಂದದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಅತ್ತೆಯ ಮನೆ ಹುಡುಕಿಕೊಂಡು ಬಂದಳು. ಹುಡುಗಿ ಸೆರಗಿನಿಂದ ಮುಖ ಮುಚ್ಚಿಕೊಂಡಿತ್ತು. ಮನೆ ಕೇಳಿದ್ದು ನಮ್ಮ ಬಾಗಿಲಲ್ಲಿ. ಅವ್ವ ನೀರು ಕೊಟ್ಟಳು. ಕುಡಿಯಲು ಹುಡುಗಿ ಸೆರಗು ಸರಿಸಿದಾಗ ಎರಡೂ ಗಲ್ಲ ಸುಣ್ಣ ಮೆತ್ತಿದ ಹಾಗಿದ್ದವು. "ಹಸರ ಮುಚ್ಚಳದ ಡಬ್ಬಿ ರೀ," ಎಂದಳು ಆ ತಾಯಿ. "ಇಲ್ಲಿ ಒಬ್ಬಾಕಿ ಮದ್ಲ ತನ್ನ ಕೈಮ್ಯಾಲ ಹಚ್ಚಿಕೊಂಡಾಳಂತ. ಆಕಿಗೆ ಗುಣಾ ಆಗೇತೇನು ಕೇಳಾಕ ಬಂದೇವಿ." ಅವ್ವ ಆ ಹುಡುಗಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವರಿಗೆ ದಾರಿ ತೋರಿಸಲು ತಾನೇ ಹೊರಟಳು.

ಅವರು ಹೋದ ಮೇಲೂ ಅವ್ವ ತಿರುಗಿ ಬರಲಿಲ್ಲ. ನಾನು ಹೋಗಿ ನೋಡಿದೆ. ಜನ್ಮದಲ್ಲಿ ಉಗುರಿಗೆ ಬಣ್ಣ ಮುಟ್ಟಿಸದ ನನ್ನ ಅವ್ವ ಅತ್ತೆಯ ಚಾಪೆಯ ಮೇಲೆ ಕೂತು ಎಡಗೈ ಚಾಚಿದ್ದಳು. "ಹಚ್ರಿ ಅಕ್ಕಾರ, ಯಾವುದರ ಒಂದ" ಎನ್ನುತ್ತಿದ್ದಳು. ಅತ್ತೆ ಗುಲಾಬಿ ಬಾಟಲಿ ತೆಗೆದು ಕಿರುಬೆರಳಿಗಷ್ಟೇ ಹಚ್ಚಿದಳು. ಅವ್ವ ಊದಲು ಹೋದಾಗ, "ಊದಬ್ಯಾಡ" ಎಂದಳು. ಕ್ಷಮೆ ಕೇಳುವುದು, ಮಾಡುವುದು ಎಲ್ಲ ಅಷ್ಟರಲ್ಲೇ ಮುಗಿಯಿತು. ಮೆಲ್ಲಗೆ ಓಣಿಯ ಹೆಂಗಸರೂ ಚಾಪೆಗೆ ತಿರುಗಿ ಬಂದರು.

ನಾನು ಬಾಗಲಕೋಟೆಗೆ ಹೋಗಿ ಶಿಕ್ಷಕಿಯರ ತರಬೇತಿ ಮುಗಿಸಿದೆ. ಬೇವೂರಿನ ಸಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು, ನನ್ನಷ್ಟೇ ಕಪ್ಪಗಿನ ಇನ್ನೊಬ್ಬ ಮಾಸ್ತರನ ಜೊತೆಗೆ. ನಿಶ್ಚಯಕ್ಕೆ ಮುಂಚೆ ಅವರನ್ನು ಅತ್ತೆಯ ಮುಂದೆ ಕೂರಿಸಿ, ಅವಳ ಕೈ ತೋರಿಸಿ, ಇಡೀ ಕತೆ ನಾನೇ ಹೇಳಿದೆ. ನನ್ನ ಕಳ್ಳತನವನ್ನೂ ಬಿಡಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಎಂಟು ದಿನದ ಜ್ವರದಲ್ಲಿ ತೀರಿಕೊಂಡಳು. ಮೈ ತೊಳೆಯಲು ಕೂತ ಹೆಂಗಸರಲ್ಲಿ ಒಬ್ಬಳು ಬ್ಲೇಡು ತಂದು ಉಗುರಿನ ಬಣ್ಣ ಕೆರೆಯಲು ಹೋದಳು. ಅವ್ವ ಅವಳ ಕೈ ಹಿಡಿದಳು. "ಇರ್ಲಿ ಬಿಡ್ರಿ. ಅದು ಅಕಿ ಅಂಗಡಿ ಕೈ." ಕಿರುಬೆರಳಿಗೆ ನಾನು ಮುಂಚೆ ನೋಡಿರದ ಒಂದು ಕಿತ್ತಳೆ ಬಣ್ಣವಿತ್ತು. ಅದು ಪಾಸಾಗಿತ್ತೋ ಇಲ್ಲವೋ, ಹೇಳುವವರು ಯಾರೂ ಉಳಿದಿರಲಿಲ್ಲ.

ಅರಿಷಿಣ ಹಚ್ಚುವ ಕೆಲಸ ನನಗೆ ಬಂತು. ಎಡಮುಂಗೈಗೆ ಬಂದಾಗ, ಉಳಿದ ಕಡೆ ಮಾಸಲಾಗಿ ಕಂಡ ಅರಿಷಿಣ ಆ ರೂಪಾಯಿಯಗಲ ಜಾಗದಲ್ಲಿ ಮಾತ್ರ ಹೊಳೆಯುವ ಹಳದಿಯಾಗಿ ಎದ್ದು ಕಂಡಿತು. ಅಂದು ಅವಳು ನನ್ನ ಬೆರಳನ್ನು ಹಿಡಿದು ಒರೆಸಿಕೊಂಡಿದ್ದು ಅಲ್ಲಿಯೇ. ಅದೇ ಬೆರಳಿನಿಂದ ಇನ್ನೊಮ್ಮೆ ಹಚ್ಚಿದೆ.

ನಾನು ಈಗಲೂ ದಿನಾ ಬೆಳಗ್ಗೆ ಸಾಲೆಗೆ ಹೊರಡುವ ಮುಂಚೆ ಕನ್ನಡಿ ನೋಡುತ್ತೇನೆ. ಮುಖ ಕಪ್ಪಾಗಿಯೇ ಇದೆ. ಹಣೆಯಿಂದ ಗದ್ದದವರೆಗೆ, ಈ ಗಲ್ಲದಿಂದ ಆ ಗಲ್ಲದವರೆಗೆ, ಎಲ್ಲೂ ಕಲೆಯಿಲ್ಲದ ಒಂದೇ ಕಪ್ಪು.