ಪಾಂಪೆಯ ಮಡಕೆ, ಸೊರೆಂಟೊದ ಪಾನಕ

2006ರ ಸೆಪ್ಟೆಂಬರ್‌ನಲ್ಲಿ ನಾನು ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿದ್ದ ಒಂದು ಸಣ್ಣ ಪ್ರವಾಸ ಕಂಪನಿಗೆ ಅಡುಗೆಯವಳಾಗಿದ್ದೆ. ಆಗ ನನಗೆ ಐವತ್ತೊಂಬತ್ತು ವರ್ಷ. ಓದಿದ್ದು ಐದನೇ ಕ್ಲಾಸು. ಮಗಳ ಬಾಣಂತನಕ್ಕೆಂದು ಉಡುಪಿ ಕಡೆಯಿಂದ ಬಂದವಳು, ಮೊಮ್ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಂದು ಕೇಟರಿಂಗ್ ಅಡುಗೆಮನೆ ಸೇರಿದ್ದೆ. ಅಲ್ಲಿ ನನ್ನ ಸಾರು ತಿಂದವನು ಶ್ರೀಧರ. ಬೆಂಗಳೂರಿನವನು, ಆ ಪ್ರವಾಸ ಕಂಪನಿ ಅವನದೇ. ನಮ್ಮ ಹಿರಿಯರನ್ನು ಯುರೋಪಿಗೆ ಕರೆದುಕೊಂಡು ಹೋಗುತ್ತಿದ್ದ. "ಗಿರಿಜಕ್ಕ, ನೀವು ಬರೋದಾದ್ರೆ ಜನ ತಾವಾಗೇ ಬುಕ್ ಮಾಡ್ತಾರೆ" ಎಂದ. ಹೋದೆ.

ಪ್ರವಾಸಕ್ಕೆ ಅಡುಗೆಯವರು ಯಾಕೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಎರಡು ದಿನ ಬ್ರೆಡ್ಡು ತಿಂದರೆ ಮೂರನೇ ದಿನ ಯಾವ ಕೋಟೆಯೂ ಬೇಡ, ಯಾವ ಸಮುದ್ರವೂ ಬೇಡ. ಹಾಗಾಗಿ ಅಡುಗೆಯವಳು ಬಸ್ಸಿನಲ್ಲೇ ಜೊತೆಗೆ ಹೋಗುತ್ತಾಳೆ. ನನ್ನ ಸರಂಜಾಮು ಇಷ್ಟು: ಎರಡು ರೈಸ್ ಕುಕ್ಕರ್, ಒಂದು ಪ್ರೆಶರ್ ಕುಕ್ಕರ್, ಒಂದು ಮಿಕ್ಸಿ, ಇಪ್ಪತ್ತೈದು ಕಿಲೋ ಅಕ್ಕಿ, ಆರು ಕಿಲೋ ತೊಗರಿಬೇಳೆ, ಪುಡಿಗಳ ಡಬ್ಬಿಗಳು, ಅವಲಕ್ಕಿ, ಬೆಲ್ಲ. ಬೆಳಗಿನ ನಾಲ್ಕಕ್ಕೆ ಹೋಟೆಲಿನ ಹಿಂದಿನ ಅಡುಗೆಮನೆ ನನ್ನ ಕೈಗೆ ಬರುತ್ತಿತ್ತು, ಏಳಕ್ಕೆ ಬಿಟ್ಟುಕೊಡಬೇಕು. ಅಷ್ಟರಲ್ಲಿ ಮಧ್ಯಾಹ್ನದ ಊಟ ಸ್ಟೀಲ್ ಡಬ್ಬಿಗಳಿಗೆ ತುಂಬಿ ಬಸ್ಸಿಗೇರಬೇಕು. ಎಲ್ಲರೂ ಉಂಡ ಮೇಲೆ ಅಡುಗೆಯವಳ ಊಟ. ಇದು ಯಾರೂ ಮಾಡಿದ ನಿಯಮವಲ್ಲ, ಹಾಗೇ ನಡೆದುಬಂದದ್ದು.

ಶ್ರೀಧರ ಅಚ್ಚು ಹಾಕಿಸಿದ ಕಾಗದದಲ್ಲಿ 'ಉಡುಪಿಯವರ ಕೈಯ ಶುದ್ಧ ಸಸ್ಯಾಹಾರಿ ಊಟ' ಎಂದಿತ್ತು. ಅದರಲ್ಲಿ ಸುಳ್ಳೇನೂ ಇಲ್ಲ. ನಾನು ಉಡುಪಿ ಕಡೆಯವಳೇ. ಗಂಡ ತೀರಿಕೊಂಡ ಮೇಲೆ ಅಲ್ಲಿನ ಒಂದು ಹೋಟೆಲಿನ ಹಿಂಬದಿಯಲ್ಲಿ ಹದಿನೆಂಟು ವರ್ಷ ರುಬ್ಬುವ ಕೆಲಸ ಮಾಡಿ, ಒಳಗಿನ ಭಟ್ಟರ ಕೈ ನೋಡಿ ನೋಡಿಯೇ ಅಡುಗೆ ಕಲಿತವಳು. ಆದರೆ ಉಡುಪಿ ಅಡುಗೆ ಎಂದಕೂಡಲೇ ನಮ್ಮ ಜನ ಮಾಡುವವರ ಜಾತಿಯನ್ನೂ ತಾವೇ ಸೇರಿಸಿ ಓದಿಕೊಳ್ಳುತ್ತಾರೆ. ಅದು ನನಗೂ ಹೊಳೆದಿರಲಿಲ್ಲ, ಶ್ರೀಧರನಿಗೂ ಹೊಳೆದಿರಲಿಲ್ಲ.

ಆ ಸಲ ಇಪ್ಪತ್ತೆರಡು ಜನ. ಹದಿನಾಲ್ಕು ಮಂದಿ ಸಿಡ್ನಿಯವರು, ಎಂಟು ಮಂದಿ ಮೆಲ್ಬರ್ನ್‌ನವರು. ಬಸ್ಸಿನಲ್ಲಿ ಸಿಡ್ನಿಯವರು ಒಂದು ಕಡೆ, ಮೆಲ್ಬರ್ನ್‌ನವರು ಇನ್ನೊಂದು ಕಡೆ ಕೂತು ನಮ್ಮ ಊರು ಹೆಚ್ಚು ನಿಮ್ಮ ಊರು ಕಡಿಮೆ ಎಂದು ಕಿತ್ತಾಡುತ್ತಿದ್ದರು. ಎರಡು ಊರೂ ಅವರ ಅಪ್ಪಂದಿರದ್ದಲ್ಲ. ಅವರಲ್ಲಿ ಶಾರದಮ್ಮ ಎಂಬವರು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಮಗನ ಮನೆಯಲ್ಲಿದ್ದವರು. ಮೂಲ ಮೈಸೂರು, ವಯಸ್ಸು ಎಪ್ಪತ್ತೊಂದು. ಮಡಿ ಎಂದರೆ ಮಡಿ. ಬ್ರಾಹ್ಮಣರಲ್ಲದವರು ಬೇಯಿಸಿದ್ದನ್ನು ಜೀವಮಾನದಲ್ಲಿ ಮುಟ್ಟಿದವರಲ್ಲ. ತಮ್ಮದೇ ಬೆಳ್ಳಿ ತಟ್ಟೆ, ಬೆಳ್ಳಿ ಲೋಟ ಬ್ಯಾಗಿನಲ್ಲಿ ಇಟ್ಟುಕೊಂಡೇ ಬಂದಿದ್ದರು. ಅವರ ಗಂಡನನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರು, ಹಸನ್ಮುಖಿ, ಕೊಟ್ಟಿದ್ದನ್ನೆಲ್ಲ ತಿನ್ನುವ ಮನುಷ್ಯ.

ಮೊದಲ ದಿನವೇ ಶಾರದಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತು ನೋಡಿದರು. ನಾನು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ತಲೆ ಬಿಗಿಯಾಗಿ ಕಟ್ಟಿ ಕೆಲಸಕ್ಕೆ ನಿಲ್ಲುವವಳು. ಅವರಿಗೆ ಸಮಾಧಾನವಾಯಿತು. ಅಂದು ಸಾರು ಸುರಿದುಕೊಂಡು, "ನಮ್ಮ ತವರಿನ ರುಚಿ ಕಣ್ರೀ" ಎಂದರು. ಐದು ದಿನ ಎರಡೆರಡು ಸಲ ಬಡಿಸಿಕೊಂಡರು. ನನಗೂ ಸಂತೋಷವೇ.

ಆರನೇ ದಿನ ನೇಪಲ್ಸ್ ನಗರದಿಂದ ಒಂದು ದಿನದ ಸುತ್ತಾಟ. ಬೆಳಿಗ್ಗೆ ಪಾಂಪೆಯ ಅವಶೇಷ, ಮಧ್ಯಾಹ್ನ ಸಮುದ್ರದಂಚಿನ ಹಳೆಯ ಊರು ಸೊರೆಂಟೊ. ನಮ್ಮ ಗೈಡ್ ಕಾರ್ಲಾ ಎಂಬ ಇಟಲಿಯ ಹೆಂಗಸು, ನಲವತ್ತರ ಆಸುಪಾಸು, ಜೋರು ಬಾಯಿ. ಅವಳ ಇಂಗ್ಲಿಷನ್ನು ಶ್ರೀಧರ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಹಿಂದೆ ಬೆಂಕಿಯ ಬೆಟ್ಟ ಸಿಡಿದು, ಬೂದಿ ಬಿದ್ದು ಇಡೀ ಊರು ಮುಚ್ಚಿಹೋಯಿತಂತೆ. ಕಲ್ಲು ಹಾಸಿದ ಬೀದಿ, ಗಾಡಿ ಓಡಿದ ಗುರುತು, ಛಾವಣಿ ಇಲ್ಲದ ಮನೆಗಳು. ಉಳಿದವರು ಕಂಬ ನೋಡಿದರು, ಬಣ್ಣದ ಗೋಡೆ ನೋಡಿದರು. ನಾನು ರೊಟ್ಟಿ ಸುಡುವವನ ಒಲೆ ನೋಡಿದೆ, ಹಿಟ್ಟು ಬೀಸುವ ಕಲ್ಲು ನೋಡಿದೆ. ಕಲ್ಲು ಒಬ್ಬರ ಕೈಯಲ್ಲಿ ತಿರುಗುವಂಥದ್ದಲ್ಲ. ಕತ್ತೆ ಕಟ್ಟುತ್ತಿದ್ದರು ಎಂದಳು ಕಾರ್ಲಾ. ಹದಿನೆಂಟು ವರ್ಷ ರುಬ್ಬಿದವಳಿಗೆ ಆ ಕತ್ತೆಯ ಕಷ್ಟ ಅರ್ಥವಾಯಿತು.

ಹನ್ನೆರಡು ಗಂಟೆಗೆ ರಾಯರ ವಾಚು ಕಿರುಗುಟ್ಟಿತು. ಶಾರದಮ್ಮನವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ, ಮಾತ್ರೆ ನುಂಗಿದ ಮೇಲೆ ಊಟ ತಪ್ಪಿಸುವಂತಿಲ್ಲ. ತಪ್ಪಿದರೆ ಸಕ್ಕರೆ ಪೂರ್ತಿ ಇಳಿದು ಜ್ಞಾನ ತಪ್ಪುತ್ತದೆ, ಜೀವಕ್ಕೇ ಅಪಾಯ. ಇದನ್ನು ರಾಯರು ಮೊದಲ ದಿನವೇ ನನಗೆ ಹೇಳಿದ್ದರು. ಅವರು ಮಾತ್ರೆ ಕೊಟ್ಟರು, ಆಕೆ ನುಂಗಿದರು.

ಆಮೇಲೆ ನೋಡಿದ್ದು ಕೊನೆಯ ಜಾಗ, ಬೀದಿಗೆ ತೆರೆದ ಒಂದು ಹಳೇ ಅಂಗಡಿ. ಕಲ್ಲುಗಾರೆಯ ಕಟ್ಟೆ, ಕಟ್ಟೆಯ ಮೇಲೆ ದುಂಡು ಬಾಯಿಗಳು. ಇಣುಕಿದರೆ ಕೆಳಗೆ ದೊಡ್ಡ ಮಣ್ಣಿನ ಮಡಕೆಗಳನ್ನು ಕಟ್ಟೆಯೊಳಗೇ ಹೂತು ಕಟ್ಟಿದ್ದಾರೆ.

"ಇದು ಆಗಿನ ಕಾಲದ ಹೋಟೆಲ್ ಅಂತೆ, ಈ ಮಡಕೆಗಳಲ್ಲಿ ಬಿಸಿ ಬಿಸಿ ಸಾರು ತುಂಬಿಟ್ಟು ಮಾರ್ತಿದ್ರಂತೆ" ಎಂದ ಶ್ರೀಧರ.

"ಆಗ್ಲಿಕ್ಕೆ ಸಾಧ್ಯವೇ ಇಲ್ಲ" ಎಂದೆ. "ಮಡಕೆ ತೆಗೀಲಿಕ್ಕೆ ಬರುದಿಲ್ಲ. ತೊಳೆಯುದು ಹೇಗೆ? ಒಳಗೆ ನುಣುಪೂ ಇಲ್ಲ, ಸಾರು ಹಾಕಿದ್ರೆ ಮಣ್ಣು ಕುಡೀತದೆ, ಮಾರನೇ ದಿನ ನಾರ್ತದೆ. ಬೇಳೆಯೋ ಕಾಯಿಯೋ ಒಣ ಸಾಮಾನು ಇಟ್ಟಿರ್ಬೇಕು. ಕೇಳು ಅವಳತ್ರ."

ಶ್ರೀಧರ ಕೇಳಿದ. ಕಾರ್ಲಾ ಹುಬ್ಬೇರಿಸಿದಳು. ಓದಿದವರಲ್ಲೂ ಕೆಲವರು ಹೀಗೇ ಹೇಳುತ್ತಾರೆ, ಈ ಅಮ್ಮನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು.

"ಗೊತ್ತಾಗದೆ ಎಂತ?" ಎಂದೆ. "ನನ್ನ ಅಪ್ಪ ಮಡಕೆ ಮಾಡ್ತಿದ್ದದ್ದು. ನಾವು ಕುಂಬಾರರು."

ಕಾರ್ಲಾ ಚಪ್ಪಾಳೆ ತಟ್ಟಿದಳು. ನಮ್ಮವರಲ್ಲಿ ಅರ್ಧ ಜನ ತಟ್ಟಿದರು. ಇನ್ನರ್ಧ ಜನ ಶಾರದಮ್ಮನವರ ಮುಖ ನೋಡಿದರು.

ಅವರು ಹತ್ತಿರ ಬಂದರು. "ಗಿರಿಜಮ್ಮ, ನೀವು ಉಡುಪಿ ಅಡುಗೆಯವರು ಅಂದ್ರಲ್ಲ?"

"ಅಡುಗೆ ಉಡುಪಿದೇ. ಐದು ದಿನ ತಿಂದಿದ್ದೀರಲ್ಲ."

"ನೀವು ಹೇಳ್ಲೇ ಇಲ್ಲ."

"ನೀವು ಕೇಳ್ಲೇ ಇಲ್ಲ."

ಅಷ್ಟೇ ಮಾತು. ಹನ್ನೆರಡೂವರೆಗೆ ಗೇಟಿನ ಹೊರಗೆ ಮರದ ನೆರಳಲ್ಲಿ ಡಬ್ಬಿ ಬಿಚ್ಚಿದೆ. ಪುಳಿಯೋಗರೆ, ಮೊಸರನ್ನ. ಶಾರದಮ್ಮ ತಟ್ಟೆಯನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಐದು ದಿನ ಗೊತ್ತಿಲ್ಲದೆ ಆದ ತಪ್ಪಿಗೆ ಇವತ್ತು ಉಪವಾಸ ಎಂದು ಬೆಂಚಿನ ಮೇಲೆ ಕೂತರು. ಶ್ರೀಧರ ಬಾಳೆಹಣ್ಣು ತಂದ. ಬೇಡ. ರಾಯರು ಕೈ ಮುಗಿದರು. "ಲೇ, ಮಾತ್ರೆ ತಗೊಂಡಿದೀಯ ಕಣೇ. ಪ್ರಾಯಶ್ಚಿತ್ತ ನಾಳೆ ಮಾಡ್ಕೋ." ಬೇಡ ಎಂದರೆ ಬೇಡ. ಎಲ್ಲರ ಊಟ ಮುಗಿಯದೆ ನಾನೂ ಉಣ್ಣಲಿಲ್ಲ.

ಬಸ್ಸು ಹೊರಟಿತು. ಸೊರೆಂಟೊ ದಾರಿ ಬೆಟ್ಟದ ಅಂಚಿನಲ್ಲಿ ಬಳುಕುವ ದಾರಿ, ಒಂದು ಕಡೆ ನೀಲಿ ಸಮುದ್ರ, ಮೈಲುದ್ದ ನಿಂತ ಗಾಡಿಗಳು. ಶ್ರೀಧರ ನನ್ನ ಪಕ್ಕ ಬಂದು ಕೂತ.

"ಗಿರಿಜಕ್ಕ, ಒಂದು ಮಾತು ಹೇಳ್ಬಿಡಿ. ಅಪ್ಪಂಗೆ ಮಡಕೆ ಅಂಗಡಿ ಇತ್ತು, ನಾವು ಬ್ರಾಹ್ಮಣರೇ ಅಂತ. ಒಂದೇ ಮಾತು. ಅವರು ಊಟ ಮಾಡ್ತಾರೆ."

"ಹೇಳುದಿಲ್ಲ."

"ಅವರಿಗೆ ಏನಾದ್ರೂ ಆದ್ರೆ ನನ್ನ ಕಂಪನಿ ಹೋಯ್ತು. ನಿಮ್ಮ ಕೆಲಸಾನೂ ಹೋಗುತ್ತೆ."

"ಹೋಗ್ಲಿ ಮಾರಾಯ. ಡ್ಯಾಂಡಿನಾಂಗ್‌ನಲ್ಲಿ ಪಾತ್ರೆ ತೊಳೆಯುವ ಕೆಲಸ ಎಷ್ಟು ಬೇಕಾದ್ರೂ ಉಂಟು. ಅಪ್ಪನನ್ನು ಬದಲಾಯಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಸಿಟ್ಟು ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ಗಂಟೆಗೆ ಎದ್ದು ಮಾಡಿದ ಅನ್ನವನ್ನು ಮುಖದೆದುರೇ ಬೇಡ ಎಂದರೆ ಯಾರಿಗೂ ಉರಿಯುತ್ತದೆ. ಹಸಿದರೆ ತಾವೇ ತಿನ್ನುತ್ತಾರೆ ಎಂದುಕೊಂಡು ಕಿಟಕಿ ಕಡೆ ತಿರುಗಿದ್ದೆ. ಆದರೆ ಅವರು ನನ್ನ ಮುಂದಿನ ಸೀಟಿನಲ್ಲೇ ಇದ್ದರು. ಸೊರೆಂಟೊ ಮುಟ್ಟುವ ಹೊತ್ತಿಗೆ ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಬಸ್ಸಿನಲ್ಲಿ ಎ.ಸಿ. ಇತ್ತು. ಸೆರಗು ಹಿಡಿದ ಬೆರಳು ನಡುಗುತ್ತಿದ್ದವು. ರಾಯರು ಏನೋ ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು.

ಸಮುದ್ರ ಕಾಣುವ ಒಂದು ಉದ್ಯಾನದ ಬಳಿ ಇಳಿಸಿ ಬೆಂಚಿನಲ್ಲಿ ಕೂರಿಸಿದರು. ಕಾರ್ಲಾ ಆಂಬ್ಯುಲೆನ್ಸ್ ಕರೆಯುತ್ತೇನೆ ಎಂದು ಫೋನ್ ತೆಗೆದಳು. ಶಾರದಮ್ಮ ತಲೆ ಅಲ್ಲಾಡಿಸಿ "ಬೇಡ, ಬೇಡ" ಎಂದರು. ನಾನು ಶ್ರೀಧರನಿಗೆ ಹೇಳಿದೆ, "ಐದು ನಿಮಿಷ ಕೊಡು. ಆಗದಿದ್ರೆ ಕರೀಲಿ. ಇವಳಿಗೆ ಹೇಳಿ ಎರಡು ನಿಂಬೆಹಣ್ಣು ತರಿಸು."

ಸೊರೆಂಟೊದಲ್ಲಿ ನಿಂಬೆಗೆ ಬರವಿಲ್ಲ. ಬೀದಿ ತುಂಬ ತೆಂಗಿನಕಾಯಿ ಗಾತ್ರದ ನಿಂಬೆಗಳು. ನಾನು ಬಸ್ಸಿನಿಂದ ಒಡೆಯದ ಬೆಲ್ಲದ ಪೊಟ್ಟಣ, ಸೀಲು ತೆಗೆಯದ ನೀರಿನ ಬಾಟಲಿ, ಅವಲಕ್ಕಿ ತಂದು ಅವರ ಪಕ್ಕ ಬೆಂಚಿನ ಮೇಲಿಟ್ಟೆ. ಅವರ ಬೆಳ್ಳಿ ಲೋಟ ತೆಗೆಯಲು ರಾಯರಿಗೆ ಹೇಳಿದೆ.

"ಶಾರದಮ್ಮ, ನಾನು ಯಾವುದನ್ನೂ ಒಡೆದಿಲ್ಲ. ನಾನು ಇವತ್ತು ಬೆಳಿಗ್ಗೆಯಿಂದ ಊಟ ಮಾಡಿಲ್ಲ. ನನಗೆ ಬಾಯಾರಿಕೆ ಆಗಿದೆ. ಪಾನಕ ಮಾಡಿ ಕೊಡಿ."

ಅವರು ನನ್ನ ಮುಖ ನೋಡಿದರು. "ನಾನೇ?"

"ಮತ್ತೆ ಯಾರು? ಐದು ದಿನ ನಾನು ಬಡಿಸಿದೆ. ಇವತ್ತು ನೀವು ಬಡಿಸಿ."

ಉಪವಾಸ ಕೂರಬಲ್ಲ ಹೆಂಗಸಿಗೂ ಎದುರು ನಿಂತು ಹಸಿವು ಎಂದವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅವರಿಗೆ ಬೆಲ್ಲ ಒಡೆಯಲು ಶಕ್ತಿ ಇರಲಿಲ್ಲ, ರಾಯರು ಪೊಟ್ಟಣವನ್ನು ಬೆಂಚಿಗೆ ಕುಟ್ಟಿದರು. ನಿಂಬೆ ಕೊಯ್ದದ್ದೂ ರಾಯರೇ. ಶಾರದಮ್ಮ ಲೋಟದಲ್ಲಿ ಕರಗಿಸಿ, ಹಿಂಡಿ, ಬೀಜ ತೆಗೆದು ಅರ್ಧವನ್ನು ನನ್ನ ಪ್ಲಾಸ್ಟಿಕ್ ಕಪ್ಪಿಗೆ ಮೇಲಿನಿಂದ ಸುರಿದರು.

ನಾನು ಕುಡಿಯಲಿಲ್ಲ. "ನೀವು ಕುಡೀರಿ, ಆಮೇಲೆ ನಾನು."

"ನನಗೆ ಉಪವಾಸ."

"ಹಾಗಾದ್ರೆ ನನಗೂ."

"ನೀವಿಬ್ಬರೂ ಉಪವಾಸ ಮಾಡ್ಕೊಳ್ಳಿ" ಎಂದರು ರಾಯರು. "ನಾನಂತೂ ಎರಡು ಡಬ್ಬಿ ಪುಳಿಯೋಗರೆ ಹೊಡೆದಿದೀನಿ. ನಿನಗೆ ಏನಾದ್ರೂ ಆದ್ರೆ ವೆಸ್ಟ್‌ಮೀಡ್‌ಗೆ ನಾನೊಬ್ಬನೇ ಹೋಗಿ ಮಗನಿಗೆ ಏನು ಹೇಳ್ಲಿ? ಕುಡಿಯೇ."

ಶಾರದಮ್ಮ ಲೋಟ ಎತ್ತಿ ಕುಡಿದರು. ನಾನೂ ಕುಡಿದೆ. ಬೆಲ್ಲ ಜಾಸ್ತಿಯಾಗಿತ್ತು, ಹೇಳಿದೆ. "ನಿಂಬೆ ಇವರ ಊರಿಂದು ಸಪ್ಪೆ, ನಾನೇನ್ ಮಾಡ್ಲಿ" ಎಂದು ರೇಗಿದರು. ರೇಗುವಷ್ಟು ಶಕ್ತಿ ಬಂತಲ್ಲ ಎಂದು ಸಮಾಧಾನವಾಯಿತು. ಇನ್ನೊಂದು ಲೋಟ ಕುಡಿದ ಮೇಲೆ ಬೆವರು ನಿಂತಿತು. ಅವಲಕ್ಕಿಗೆ ಬೆಲ್ಲ ಹಾಕಿ ತಾವೇ ಕಲಸಿಕೊಂಡು ತಿಂದರು, ನನಗೂ ಒಂದು ಹಿಡಿ ಕಾಗದದ ಮೇಲೆ ಹಾಕಿದರು. ಕಾರ್ಲಾ ಫೋನ್ ಒಳಗಿಟ್ಟಳು. ಆಮೇಲೆ ಎಲ್ಲರೂ ಸಣ್ಣ ಗಲ್ಲಿಗಳಲ್ಲಿ ಓಡಾಡಿ, ನಿಂಬೆಯ ಸೋಪು ಕೊಂಡು, ಸಂಜೆ ನಗುತ್ತಲೇ ನೇಪಲ್ಸ್‌ಗೆ ಮರಳಿದೆವು.

ಇಲ್ಲಿಗೆ ಶಾರದಮ್ಮ ಬದಲಾದರು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಹಾಗೇನೂ ಆಗಲಿಲ್ಲ. ಮಾರನೇ ದಿನ ಬೆಳಗಿನ ನಾಲ್ಕಕ್ಕೆ ಒದ್ದೆ ತಲೆಯಲ್ಲಿ ಅಡುಗೆಮನೆ ಬಾಗಿಲಿಗೆ ಬಂದು, "ಒಂದು ಒಲೆ ಸಿಗುತ್ತಾ?" ಎಂದು ಕೇಳಿದರು. ನಾಲ್ಕು ಒಲೆಯಲ್ಲಿ ಮೂಲೆಯದನ್ನು ಬಿಟ್ಟುಕೊಟ್ಟೆ. ಉಳಿದ ನಾಲ್ಕು ದಿನ ಅವರು ಒಬ್ಬರಿಗೆ ಮಾಡಿಕೊಂಡರು, ನಾನು ಇಪ್ಪತ್ತೊಂದು ಜನರಿಗೆ ಮಾಡಿದೆ. ರಾಯರು ಎರಡೂ ಕಡೆ ಉಂಡರು. ಅವರ ಒಗ್ಗರಣೆ ಸೀದಾಗ ನಾನು ಹೇಳುತ್ತಿದ್ದೆ, ನನ್ನ ಹುಳಿಗೆ ಮೆಂತ್ಯ ಹೆಚ್ಚಾದಾಗ ಅವರು ವಾಸನೆಯಲ್ಲೇ ಹಿಡಿದು ಹೇಳುತ್ತಿದ್ದರು. ಮಕ್ಕಳ ಬಗ್ಗೆ, ಸೊಸೆಯಂದಿರ ಬಗ್ಗೆ ಬೇಕಾದಷ್ಟು ಮಾತಾಡಿದೆವು. ಕೊನೆಯವರೆಗೂ ನನ್ನ ಅನ್ನ ಅವರು ತಿನ್ನಲಿಲ್ಲ. ಅದು ನನಗೆ ಸರಿ ಎನಿಸಲೂ ಇಲ್ಲ. ಆದರೆ ಅವರು ನೆಟ್ಟಗೆ ನಡೆದುಕೊಂಡು ವಿಮಾನ ಹತ್ತಿದರು, ನನಗೆ ಅದು ಸಾಕಾಗಿತ್ತು.

ನನ್ನ ಕೆಲಸ ಹೋಗಲಿಲ್ಲ. ಮರುವರ್ಷ ಸಿಡ್ನಿಯಿಂದಲೇ ಹೊರಡುವ ತಂಡವೊಂದು ಬಂದಾಗ, ವಿಮಾನ ನಿಲ್ದಾಣದಲ್ಲಿ ಶ್ರೀಧರ ಮಾತಿಗೆ ನಿಲ್ಲುವ ಮೊದಲೇ ನಾನು ನಿಂತೆ. "ನನ್ನ ಹೆಸರು ಗಿರಿಜ. ಕುಂಬಾರರ ಮಗಳು. ಅಡುಗೆ ನಾನೇ ಮಾಡುದು. ಬೇಡ ಅನ್ನುವವರಿಗೆ ಒಂದು ಒಲೆ ಬಿಟ್ಟುಕೊಡ್ತೇನೆ, ಅಕ್ಕಿ ಬೇಳೆಯೂ ಕೊಡ್ತೇನೆ. ಆದ್ರೆ ಹಸಿದು ಕೂರ್ಲಿಕ್ಕೆ ಮಾತ್ರ ಬಿಡುದಿಲ್ಲ." ಹಿಂದಿನಿಂದ ಯಾರೋ, "ಮೊದಲನೇ ದಿನ ಏನ್ ಮಾಡ್ತೀರಿ ಆಂಟಿ?" ಎಂದು ಕೇಳಿದರು.

ಆಮೇಲೆ ಐದು ಪ್ರವಾಸ ಮಾಡಿದೆ. ಒಲೆ ಕೇಳಿದವರು ಇಬ್ಬರೇ. ಅಡುಗೆಯವಳು ಯಾರನ್ನೂ ತಿದ್ದಲು ಹೋಗಬೇಕಾಗಿಲ್ಲ, ಯಾರಿಗೋಸ್ಕರವೂ ತನ್ನನ್ನು ಬೇರೆ ಹೇಳಿಕೊಳ್ಳಬೇಕಾಗಿಯೂ ಇಲ್ಲ. ಬಸ್ಸು ಹೊರಡುವ ಮುಂಚೆ ಎಲ್ಲರ ಹೊಟ್ಟೆ ತುಂಬಿದೆಯೋ ಎಂದು ನೋಡಿಕೊಂಡರೆ ಅವಳ ಕೆಲಸ ಆಯಿತು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.