ನೆಟ್‌ವರ್ಕ್ ಸಿಗದ ಕೋಣೆ

ಮಿದುಳಿನ ಅಲೆಗಳನ್ನು ನೆತ್ತಿಯ ಮೇಲಿಂದ ದಾಖಲಿಸುವವರಿಗೆ ಮೊದಲ ಶತ್ರು ಗೋಡೆಯೊಳಗಿನ ಕರೆಂಟು. ಅಲೆಗಳು ಅಷ್ಟು ಕ್ಷೀಣ, ಪಕ್ಕದಲ್ಲೊಂದು ವೈರು ಹಾದುಹೋದರೂ ಅದರ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಕಾಡುಗೋಡಿಯಾಚೆಯ ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಹಟ ಹಿಡಿದು ಕೇಳಿದ್ದು ಒಂದೇ: ಹೊರಗಿನ ಯಾವ ತರಂಗವೂ ಒಳಗೆ ನುಸುಳದಂತೆ ಸುತ್ತಲೂ ತಾಮ್ರದ ಜಾಲರಿ ಹೊದಿಸಿದ ಪುಟ್ಟ ಕೋಣೆ.

ಪೀಣ್ಯದ ಒಂದು ಶೆಡ್ಡಿನಲ್ಲಿ ಸಿಕ್ಕಿದ ವಯಸ್ಸಾದ ಮೇಸ್ತ್ರಿ ನನ್ನ ಚಿತ್ರ ನೋಡಿ, "ಒಂದು ಸಂದೀನೂ ಇರಬಾರ್ದು, ಅಷ್ಟೇ ತಾನೇ ಮೇಡಂ? ಮಾಡ್ಕೊಡ್ತೀನಿ" ಎಂದರು. ಮೂರು ವಾರ ಮಂಡಿಯೂರಿ ಒಂದೊಂದೇ ಬೆಸುಗೆ ಹಾಕಿದರು. ಮುಗಿದ ದಿನ ಜೇಬಿನ ರೇಡಿಯೋ ಹಚ್ಚಿ, ನನ್ನನ್ನೂ ಒಳಗೆ ಕರೆದು ಬಾಗಿಲು ಎಳೆದರು. ಹಾಡು ಅರ್ಧಕ್ಕೇ ನಿಂತಿತು. ಅವರ ಮುಖ ನೋಡಬೇಕಿತ್ತು!

"ಮಷೀನ್ ಬರ್ಲಿ, ಮೊದಲು ನಿಮ್ಮ ತಲೇನೇ ನೋಡೋಣ. ಎಣ್ಣೆ ಮಾತ್ರ ಹಚ್ಕೊಂಡು ಬರಬೇಡಿ, ತಲೆಗೆ ತಂತಿ ಅಂಟಲ್ಲ" ಎಂದು ಮಾತು ಕೊಟ್ಟೆ.

ಉದ್ಘಾಟನೆಗೆ ಬಂದ ಮುಖ್ಯ ಅತಿಥಿ, ಯಾವುದೋ ಕಂಪನಿಯ ದೊಡ್ಡವರು, ಕೋಣೆಯೊಳಗೆ ನಿಂತು ಫೋನ್ ನೋಡಿಕೊಂಡು, "ಇದೇನ್ರೀ, ನೆಟ್‌ವರ್ಕೇ ಇಲ್ಲ?" ಎಂದರು. ಅದೇ ನಮ್ಮ ಹೆಮ್ಮೆ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಕುಲಸಚಿವರು, "ಸರಿ ಮಾಡಿಸ್ತೀವಿ ಸಾರ್" ಎಂದುಬಿಟ್ಟರು.

ಮಾಡಿಸಿಯೂ ಬಿಟ್ಟರು. ಸೋಮವಾರ ಬಂದು ನೋಡಿದರೆ ಜಾಲರಿಯಲ್ಲಿ ಅಂಗೈಯಗಲ ತೂತು, ಅದರೊಳಗಿಂದ ಇಳಿದ ವೈರು, ಗೋಡೆಯ ಮೇಲೆ ನೆಟ್‌ವರ್ಕ್ ಹಿಡಿಯುವ ಬೂಸ್ಟರ್ ಡಬ್ಬ. ಹೊಸದಾಗಿ ಬಂದಿದ್ದ ಯಂತ್ರದ ಪರದೆಯ ಮೇಲೆ ಮಿದುಳಿನ ಸುಳಿವೇ ಇಲ್ಲ, ಬರೀ ಕರೆಂಟು. ಕುಲಸಚಿವರ ಕೋಣೆಗೆ ನುಗ್ಗಿ ಕೂಗಾಡಿದೆ.

"ಅವರು ಮತ್ತೆ ಬರ್ತಾರೆ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ವಾ?" ಎಂದು ಕೇಳಿ, ಈ ಬದಲಾವಣೆಗೆ ನನ್ನ ಒಪ್ಪಿಗೆ ಇದೆಯೆಂಬ ಕಾಗದವನ್ನು ಮುಂದಿಟ್ಟರು. ಸಹಿ ಹಾಕಿದೆ. ಕೆಲಸ ಕಾಯಂ ಆಯಿತು. ಆ ಹೇಡಿತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಮುಂದಿನ ತಿಂಗಳು ಮೇಸ್ತ್ರಿ ಪೀಣ್ಯದಿಂದ ಎರಡು ಬಸ್ಸು ಬದಲಿಸಿ ಬಂದರು. ಒಗೆದ ಅಂಗಿ ತೊಟ್ಟಿದ್ದರು, ತಲೆಗೆ ಎಣ್ಣೆ ಹಚ್ಚಿರಲಿಲ್ಲ. ನಾನು ಏನಾದರೂ ಹೇಳುವ ಮುಂಚೆಯೇ ಜೇಬಿನ ರೇಡಿಯೋ ಹಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ರೇಡಿಯೋ ಹಾಡುತ್ತಲೇ ಇತ್ತು.

ಹೊರಗೆ ಬಂದು ಅದನ್ನು ಆರಿಸಿ, "ಯಾರು ಮೇಡಂ ಇದಕ್ಕೆ ಒಪ್ಪಿದ್ದು?" ಎಂದರು.

"ಆಫೀಸ್‌ನವ್ರು" ಎಂದೆ.